ಆಸ್ಪತ್ರೆಯಲ್ಲಿ ‘ಸ್ಟಡಿಗೆ ಸೇರ್ತೀರಾ?’ ಎಂದು ಕೇಳಿದಾಗ: ಮುಂಬೈ ಕನ್ನಡ ಮನೆಗಳಿಗೆ ಒಂದು ಕೈಪಿಡಿ

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಪರೇಲಿಗೆ ಬಂದು, ಕೇಸ್ ಪೇಪರ್ ಮಾಡಿಸಿ, ಮೂರು ತಾಸು ಕಾದ ಮೇಲೆ ಡಾಕ್ಟರು ಹೇಳುತ್ತಾರೆ: ‘ನಿಮ್ಮ ತಾಯಿಗೆ ಹೊಂದುವ ಒಂದು ಸ್ಟಡಿ ಇದೆ, ಮೇಡಂ ವಿವರಿಸುತ್ತಾರೆ.’ ಸ್ಟಡಿ ಎಂದರೆ ಚಿಕಿತ್ಸೆಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಪ್ರಯೋಗ. ಪಕ್ಕದ ಕೋಣೆಯಲ್ಲಿ ಸ್ಟಡಿಯ ಕೆಲಸ ನೋಡಿಕೊಳ್ಳುವ ಕೋ-ಆರ್ಡಿನೇಟರ್ ಮಾಹಿತಿ ಮತ್ತು ಒಪ್ಪಿಗೆಯ ಇಪ್ಪತ್ತು ಪುಟದ ಕಾಗದ ಮುಂದಿಡುತ್ತಾರೆ. ಇಂಗ್ಲಿಷ್, ಹಿಂದಿ, ಮರಾಠಿ ಪ್ರತಿಗಳು ಸಿದ್ಧವಿರುತ್ತವೆ, ಕನ್ನಡದ್ದು ಸಾಮಾನ್ಯವಾಗಿ ಇರುವುದಿಲ್ಲ. ಅಮ್ಮನಿಗೆ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿ ಬರುತ್ತದೆ. ಆ ಹಿಂದಿ ಇಲ್ಲಿ ಸಾಲದು.

ಅವತ್ತೇ ಸಹಿ ಹಾಕಬೇಡಿ. ಮಾಹಿತಿ ಪತ್ರದ ಪ್ರತಿ ಕೇಳಿ ಮನೆಗೆ ತನ್ನಿ. ಮನೆಯವರೊಂದಿಗೆ, ಬೇಕಿದ್ದರೆ ಬೇರೆ ಡಾಕ್ಟರೊಂದಿಗೆ ಮಾತಾಡಲು ಸಮಯ ಕೇಳುವುದು ರೋಗಿಯ ಹಕ್ಕು. ಹೃದಯಾಘಾತ, ಪಾರ್ಶ್ವವಾಯುವಿನಂಥ ತುರ್ತು ಸ್ಟಡಿಗಳಲ್ಲಿ ಮಾತ್ರ ಈ ಸಮಯ ಗಂಟೆಗಳಿಗೆ, ಕೆಲವೊಮ್ಮೆ ನಿಮಿಷಗಳಿಗೆ ಇಳಿಯುತ್ತದೆ.

ಯಾವ ಬಗೆಯ ಸ್ಟಡಿ?

‘ಸ್ಟಡಿ’ ಎಂದ ಕೂಡಲೇ ಯಾರೂ ನೋಡದ ಹೊಸ ಔಷಧ ಎಂದುಕೊಳ್ಳಬೇಕಿಲ್ಲ. ಪರೇಲಿನ ಟಾಟಾ ಮೆಮೋರಿಯಲ್‌ನ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದದ್ದು ಬಳಕೆಯಲ್ಲಿರುವ ಔಷಧವೇ. ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ನಿವೊಲುಮ್ಯಾಬ್ ಅನ್ನು ವಾಡಿಕೆಯ 240 ಮಿ.ಗ್ರಾಂ ಬದಲು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ಕೊಟ್ಟು ನೋಡಿದರು. ಒಟ್ಟು 151 ರೋಗಿಗಳು. ಬಾಯಿಯ ಮೂಲಕ ಕೊಡುವ ಕಿಮೋ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು 16.3%, ಅದರ ಜೊತೆ ಈ ಸಣ್ಣ ಡೋಸ್ ಪಡೆದವರಲ್ಲಿ 43.4%. ಅಲ್ಲಿನದೇ ಮುಂದಾಳತ್ವದ, 2023ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ನಿಗೆ 7ರಿಂದ 10 ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಜೋಮು ಹಿಡಿಸಲು ಕೊಡುವ ಅದೇ ಔಷಧ. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ 86.4%ರಿಂದ 90.1%ಕ್ಕೆ ಏರಿತ್ತು.

ಹಾಗೆಂದು ಎಲ್ಲವೂ ಫಲ ಕೊಡುವುದಿಲ್ಲ. 2020ರಲ್ಲಿ ಕೋವಿಡ್‌ಗೆ ಗುಣವಾದವರ ರಕ್ತದ ಪ್ಲಾಸ್ಮಾ ಸಿಕ್ಕರೆ ಸಾಕೆಂದು ಜನ ಊರೆಲ್ಲ ಅಲೆಯುತ್ತಿದ್ದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದನ್ನು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿತು. ರೋಗ ತೀವ್ರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ 19%, ಪಡೆಯದ ಗುಂಪಿನಲ್ಲಿ 18%. ಹೊಸದು ಮೇಲು ಎಂದು ಮೊದಲೇ ಗೊತ್ತಿದ್ದರೆ ಸ್ಟಡಿಯ ಅಗತ್ಯವೇ ಇರುತ್ತಿರಲಿಲ್ಲ.

ಡಾಕ್ಟರನ್ನು ಕೇಳಬೇಕಾದ್ದು ಮೂರು. ಇದು ಎಷ್ಟನೇ ಹಂತ? ಮೊದಲ ಹಂತವೆಂದರೆ ಮುಖ್ಯವಾಗಿ ಎಷ್ಟು ಡೋಸ್ ತಡೆದುಕೊಳ್ಳಬಹುದು ಎಂಬ ಪರೀಕ್ಷೆ. ಮೂರನೆಯದೆಂದರೆ ಈಗಿನ ಚಿಕಿತ್ಸೆಯ ಜೊತೆ ಹೋಲಿಕೆ. ಸ್ಟಡಿಗೆ ಸೇರದಿದ್ದರೆ ಅಮ್ಮನಿಗೆ ಏನು ಕೊಡುತ್ತೀರಿ? ಉಪಯೋಗ ಎಷ್ಟು, ನೂರು ಜನರ ಲೆಕ್ಕದಲ್ಲಿ ಹೇಳಿ? ‘26% ಕಡಿಮೆಯಾಗುತ್ತದೆ’ ಎಂದರೆ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಹೃದಯ ವೈಫಲ್ಯಕ್ಕೆ ಡಾಪಾಗ್ಲಿಫ್ಲೋಜಿನ್ ಕೊಟ್ಟ 2019ರ ದೊಡ್ಡ ಅಧ್ಯಯನದ ಅಂಕಿ ಇದೇ. ನೂರು ಜನರ ಲೆಕ್ಕಕ್ಕೆ ತಂದರೆ, ಸುಮಾರು ಒಂದೂವರೆ ವರ್ಷದಲ್ಲಿ 21 ಮಂದಿಗೆ ಆಗುತ್ತಿದ್ದ ತೊಂದರೆ (ರೋಗ ಉಲ್ಬಣ ಅಥವಾ ಹೃದಯದ ಕಾರಣದ ಸಾವು) 16 ಮಂದಿಗೆ ಆಯಿತು. ಒಳ್ಳೆಯ ಔಷಧವೇ, ಆದರೆ ಎರಡನೆಯ ಲೆಕ್ಕ ಕೇಳಿದ ಮೇಲೆ ಯೋಚಿಸುವ ರೀತಿ ಬೇರೆಯಾಗುತ್ತದೆ.

ಸಿಟಿಆರ್‌ಐ ನಂಬರ್

ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ನೋಂದಣಿ ಪಟ್ಟಿಯೇ ಸಿಟಿಆರ್‌ಐ. 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುನ್ನವೇ ನೋಂದಣಿ ಆಗಿರಬೇಕು. ಸಿಟಿಆರ್‌ಐ ಅಕ್ಷರಗಳು, ವರ್ಷ, ತಿಂಗಳು, ಆಮೇಲೆ ಒಂದು ಕ್ರಮಸಂಖ್ಯೆ, ನಡುವೆ ಓರೆಗೆರೆ: ನಂಬರು ಹೀಗಿರುತ್ತದೆ. ಕೋ-ಆರ್ಡಿನೇಟರ್ ಹತ್ತಿರ ಕೇಳಿ ಬರೆದುಕೊಂಡು ಮೊಬೈಲಿನಲ್ಲೇ ತೆರೆದು ನೋಡಿ. ಪ್ರವೇಶ ಉಚಿತ.

ಪುಟದ ಮೇಲ್ಭಾಗದಲ್ಲಿ ನೋಂದಣಿಯ ತಾರೀಖಿನ ಪಕ್ಕದಲ್ಲೇ ಅದು ಮುಂಚಿತವಾಗಿ ಆದದ್ದೋ ಎಂದು ಬರೆದಿರುತ್ತದೆ. ಕೆಳಗೆ ‘ಸೈಟ್ಸ್ ಆಫ್ ಸ್ಟಡಿ’ ಎಂಬ ಭಾಗದಲ್ಲಿ ನಿಮ್ಮ ಆಸ್ಪತ್ರೆಯ ಹೆಸರು, ಮುಖ್ಯ ವೈದ್ಯರ ಹೆಸರು ಇರಬೇಕು. ಅದರ ಕೆಳಗೆ ರೋಗಿಗಳ ಹಿತ, ಹಕ್ಕು ಕಾಯುವ ಎಥಿಕ್ಸ್ ಕಮಿಟಿ ಮಂಜೂರು ಮಾಡಿದೆಯೇ ಎಂಬುದೂ ಇರುತ್ತದೆ. ಆಸ್ಪತ್ರೆಯ ಹೆಸರೇ ಇಲ್ಲದಿದ್ದರೆ ಸಹಿ ಹಾಕುವ ಮಾತೇ ಇಲ್ಲ, ಮೊದಲು ವಿಚಾರಿಸಿ.

ಅದೇ ಪಟ್ಟಿಯನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಬೆಂಗಳೂರು, ಮಂಗಳೂರು, ಮಣಿಪಾಲ, ಬೆಳಗಾವಿ, ಹುಬ್ಬಳ್ಳಿಯ ಯಾವುದಾದರೂ ಆಸ್ಪತ್ರೆ ಅದರಲ್ಲಿದ್ದರೆ ಕನ್ನಡದ ಒಪ್ಪಿಗೆ ಪತ್ರ ಆಗಲೇ ತಯಾರಾಗಿರುತ್ತದೆ ಎಂದೇ ಹಿಡಿಯಿರಿ. ಅದನ್ನು ಪ್ರಾಯೋಜಕ ಕಂಪನಿಯಿಂದ ತರಿಸಿ ಇಲ್ಲಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯುವುದೊಂದೇ ಉಳಿಯುತ್ತದೆ. ಇಲ್ಲದಿದ್ದರೆ ಅನುವಾದ, ಮತ್ತೆ ಇಂಗ್ಲಿಷಿಗೆ ಮರು ಅನುವಾದ, ಪ್ರಮಾಣಪತ್ರ, ಕಮಿಟಿ ಎಂದು ವಾರಗಟ್ಟಲೆ ಹೋಗುತ್ತದೆ. ಅದಕ್ಕೇ ಮೊದಲ ದಿನವೇ ಹೇಳಿಬಿಡಿ: ‘ಮೇಡಂ, ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಈ ಸ್ಟಡಿಯಲ್ಲಿ ಮಂಗಳೂರಿನ ಆಸ್ಪತ್ರೆಯೂ ಇದೆ, ಅಲ್ಲಿನ ಕನ್ನಡ ಫಾರ್ಮ್ ತರಿಸಬಹುದಾ?’ ಹೀಗೆ ಗೊತ್ತಿದ್ದು ಕೇಳಿದಾಗ ಕೆಲಸ ಬೇಗ ಆಗುತ್ತದೆ. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಲೇಬೇಕು. ಇದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ.

ಕನ್ನಡ ಪ್ರತಿ ಕೈಗೆ ಬಂದ ಮೇಲೆ

ಪ್ರತಿ ಪುಟದ ಅಡಿಯಲ್ಲಿ ವರ್ಷನ್ ನಂಬರ್ ಮತ್ತು ತಾರೀಖು ಇರುತ್ತದೆ. ಅದು ಈಗ ಬಳಕೆಯಲ್ಲಿರುವ ಇಂಗ್ಲಿಷ್ ಪ್ರತಿಗೆ ಹೊಂದಬೇಕು. ಇಂಗ್ಲಿಷ್ ವರ್ಷನ್ 3 ನಡೆಯುತ್ತಿರುವಾಗ ಕನ್ನಡದ ವರ್ಷನ್ 2 ಕೊಟ್ಟರೆ ನಡುವೆ ಸೇರಿಸಿದ ಹೊಸ ಅಡ್ಡಪರಿಣಾಮ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಭಾಷೆ. ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಓದಿದ ಕೂಡಲೇ ಗೊತ್ತಾಗುತ್ತದೆ. ಸ್ಟಡಿಗೆ ಸೇರಿದ ವ್ಯಕ್ತಿ ‘ವಿಷಯ’ ಆಗಿರುತ್ತಾನೆ, ಟ್ರಯಲ್ ‘ವಿಚಾರಣೆ’ಯಾಗಿ ಕೋರ್ಟಿಗೆ ಹೋಗಿರುತ್ತದೆ, ಚಿಕಿತ್ಸೆಯ ಗುಂಪು ‘ತೋಳು’ ಆಗಿರುತ್ತದೆ. ‘ಡಬಲ್ ಬ್ಲೈಂಡ್’ ಎಂಬುದು ‘ಎರಡು ಕುರುಡು’ ಆಗಿದ್ದರೆ ಔಷಧದಿಂದ ಎರಡೂ ಕಣ್ಣು ಹೋಗುತ್ತವೆ ಎಂದು ಅಜ್ಜಿ ಹೆದರಿದರೆ ತಪ್ಪು ಅಜ್ಜಿಯದಲ್ಲ. ಯಾರಿಗೆ ಯಾವ ಔಷಧ ಹೋಗುತ್ತಿದೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ: ಅದರ ಅರ್ಥ ಇಷ್ಟೇ. ‘ಯಾದೃಚ್ಛಿಕ’ ಎಂದಿರುವ ಕಡೆ ‘ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಗುಂಪು ಆರಿಸುತ್ತದೆ, ಡಾಕ್ಟರ ಕೈಯಲ್ಲಿಲ್ಲ’ ಎಂದು ಹೇಳಿ. ಪ್ಲಸೀಬೊ ಎಂದರೆ ನೋಡಲು ಅದೇ ಮಾತ್ರೆ, ಒಳಗೆ ಔಷಧ ಇಲ್ಲ. ಪ್ಲಸೀಬೊ ಇರುವ ಸ್ಟಡಿಯಲ್ಲಿ ಅದರಿಂದ ಗುಣವಾಗುವುದಿಲ್ಲ ಎಂಬ ಸಾಲು ಪತ್ರದಲ್ಲಿ ಕಡ್ಡಾಯ. ಪ್ರಯೋಗದ ಔಷಧ ಕೆಲಸ ಮಾಡದೆಯೂ ಇರಬಹುದು ಎಂಬ ಸಾಲೂ ಕಡ್ಡಾಯ. ಎರಡೂ ಎಲ್ಲಿವೆ ಎಂದು ಹುಡುಕಿ ಬೆರಳಿಟ್ಟು ತೋರಿಸಿ.

ಓದಿ ಮುಗಿದ ಮೇಲೆ ‘ಅರ್ಥ ಆಯ್ತಾಮ್ಮ?’ ಎಂದು ಕೇಳಬೇಡಿ. ‘ಹೂಂ’ ಎಂದೇ ಉತ್ತರ ಬರುತ್ತದೆ. ‘ಅಮ್ಮ, ಪಕ್ಕದ ಮನೆ ಶಾಂತಕ್ಕ ಕೇಳಿದ್ರೆ ಏನು ಅಂತ ಹೇಳ್ತೀರಿ?’ ಎಂದು ಕೇಳಿ. ‘ಚೀಟಿ ಎತ್ತಿ ಔಷಧ ಕೊಡ್ತಾರೆ, ಬೇಡ ಅನ್ನಿಸಿದ್ರೆ ಬಿಡಬಹುದು’ ಎಂದರೆ ಸರಿ. ‘ದೊಡ್ಡ ಡಾಕ್ಟ್ರು ಒಳ್ಳೆ ಔಷಧ ಫ್ರೀ ಕೊಡ್ತಾರಂತೆ’ ಎಂದರೆ ಮೊದಲಿನಿಂದ ಶುರು ಮಾಡಿ.

ಓದುಬರಹ ಬಾರದವರಾದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ವಿವರಣೆಯ ಪೂರ್ತಿ ಅವಧಿ ಅಲ್ಲೇ ಇದ್ದು ಸಹಿ ಹಾಕಬೇಕು. ಆಸ್ಪತ್ರೆಯ ನರ್ಸ್ ಅಥವಾ ಸ್ಟಡಿಯ ಕೋ-ಆರ್ಡಿನೇಟರ್ ಸಾಕ್ಷಿಯಾಗುವುದು ಸರಿಯಲ್ಲ. ಕನ್ನಡ ಮತ್ತು ಹಿಂದಿ ಅಥವಾ ಇಂಗ್ಲಿಷ್ ಎರಡೂ ಬಲ್ಲ ನೆರೆಯವರೋ ಕನ್ನಡ ಸಂಘದ ಪರಿಚಿತರೋ ಬಂದರೆ ಉತ್ತಮ. ಅರ್ಧದಲ್ಲಿ ಬಂದು ಸಹಿ ಮಾಡಿದರೆ ಅದು ಸಾಕ್ಷಿಯೇ ಅಲ್ಲ. ಹೊಸ ರಾಸಾಯನಿಕದ ಔಷಧವಾಗಿದ್ದು ರೋಗಿ ದುರ್ಬಲ ವರ್ಗದವರಾಗಿದ್ದರೆ ಈ ಮಾತುಕತೆಯನ್ನು ವಿಡಿಯೋ ಮಾಡುತ್ತಾರೆ. ಗಾಬರಿ ಬೇಡ, ಅದೂ ನಿಯಮವೇ.

ನಾಮಿನಿ, ವರಮಾನ, ಪರಿಹಾರ

ಸಹಿಯ ಪುಟದಲ್ಲಿ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ವರಮಾನ, ನಾಮಿನಿಯ ಹೆಸರು-ವಿಳಾಸ-ಸಂಬಂಧ ಎಂಬ ಕಾಲಂಗಳಿವೆ. ನಾಮಿನಿ ಎಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ‘ಸಾಯ್ತಾರೆ ಅಂತ ಮೊದಲೇ ಬರೆಸಿಕೊಳ್ತಿದ್ದಾರಾ?’ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ನಾಮಿನಿ ಇದ್ದಾರಲ್ಲ, ಹಾಗೆಯೇ ಇದು. ಖಾಲಿ ಬಿಡಬೇಡಿ. ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ. ಊರಿನ ದಾಖಲೆಯಲ್ಲಿ ತಂದೆಯ ಹೆಸರಿನ ಇನಿಶಿಯಲ್, ಮಹಾರಾಷ್ಟ್ರದ ದಾಖಲೆಯಲ್ಲಿ ಗಂಡನ ಹೆಸರು ನಡುವೆ, ಹೀಗೆ ಒಬ್ಬರಿಗೇ ಎರಡು ಹೆಸರಾಗುವುದು ನಮ್ಮಲ್ಲಿ ಮಾಮೂಲು. ಮುಂದೆ ಹಣ ಬರುವ ಹೊತ್ತಿಗೆ ತೊಡಕಾಗುವುದು ಅಲ್ಲೇ.

ಸ್ಟಡಿಯಿಂದಾಗಿ ಸಾವು ಸಂಭವಿಸಿದರೆ ಪರಿಹಾರಕ್ಕೆ ನಿಯಮದಲ್ಲೇ ಸೂತ್ರವಿದೆ. ಮೂಲ ಮೊತ್ತ 8 ಲಕ್ಷ. ಅದನ್ನು ವಯಸ್ಸಿನ ಅಂಶದಿಂದಲೂ ರೋಗದ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. 65 ದಾಟಿದವರ ವಯಸ್ಸಿನ ಅಂಶವೇ 99.37 ಆದ್ದರಿಂದ ಅವರಿಗೆ ಲೆಕ್ಕ ಸುಲಭ: 8 ಲಕ್ಷವನ್ನು ಅಪಾಯದ ಅಂಶದಿಂದ ಗುಣಿಸಿದರೆ ಆಯಿತು. ಆರು ತಿಂಗಳೂ ಬದುಕುವ ನಿರೀಕ್ಷೆ ಇಲ್ಲದ ರೋಗಿಗೆ ಆ ಅಂಶ 0.5, ಅಂದರೆ 4 ಲಕ್ಷ. ಆರೋಗ್ಯವಂತ ಸ್ವಯಂಸೇವಕನಿಗೆ 4, ಅಂದರೆ 32 ಲಕ್ಷ. ವಯಸ್ಸು ಕಡಿಮೆಯಾದಷ್ಟೂ ಮೊತ್ತ ಹೆಚ್ಚು. ವರಮಾನದ ಕಾಲಂ ಇದ್ದರೂ ಈ ಸೂತ್ರದಲ್ಲಿ ವರಮಾನಕ್ಕೆ ಜಾಗವಿಲ್ಲ, ಹಾಗಾಗಿ ಕಡಿಮೆ ಬರೆದರೆ ನಷ್ಟವೆಂಬ ಚಿಂತೆ ಬೇಡ. ಸಾವಲ್ಲದ ಗಾಯ ಅಥವಾ ತೊಂದರೆಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಅದು ಸ್ಟಡಿಯಿಂದ ಆದದ್ದಲ್ಲ ಎಂದು ಸಾಬೀತಾಗುವವರೆಗೂ ಕೊಡಬೇಕು.

ಖರ್ಚಿನ ವಿಚಾರದಲ್ಲಿ ‘ಎಲ್ಲ ಫ್ರೀ’ ಎಂಬ ಬಾಯಿಮಾತು ಸಾಲದು. ಕಂಪನಿಯದಲ್ಲದ, ಆಸ್ಪತ್ರೆಯ ವೈದ್ಯರೇ ನಡೆಸುವ ಸ್ಟಡಿಗಳಲ್ಲಿ ವಾಡಿಕೆಯ ಔಷಧ, ಸ್ಕ್ಯಾನ್ ರೋಗಿಯ ಖರ್ಚಿನಲ್ಲೇ ಇರುವುದುಂಟು. ಯಾವ ಟೆಸ್ಟಿಗೆ ಯಾರು ದುಡ್ಡು ಕೊಡುತ್ತಾರೆ, ಒಂದು ವಿಸಿಟ್‌ಗೆ ಪ್ರಯಾಣ ಖರ್ಚು ಎಷ್ಟು, ಜೊತೆಗೆ ಬರುವವರಿಗೂ ಇದೆಯೇ ಎಂದು ಬರಹದಲ್ಲಿ ನೋಡಿ.

ಸಹಿ ಮತ್ತು ತಾರೀಖನ್ನು ರೋಗಿಯೇ ಹಾಕಬೇಕು. ಸ್ಟಡಿಗಾಗಿ ರಕ್ತ ತೆಗೆಯುವುದು ಆಮೇಲೆ. ಸಹಿಯಾದ ಪ್ರತಿಯ ಜೆರಾಕ್ಸ್ ಅವತ್ತೇ ಕೈಗೆ ಪಡೆದು ಫೈಲಿಗೆ ಸೇರಿಸಿ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಕೊನೆಯ ಪುಟಗಳಲ್ಲಿರುತ್ತದೆ, ಅದನ್ನು ಮೊಬೈಲಿಗೆ ಹಾಕಿಕೊಳ್ಳಿ. ಕನಿಷ್ಠ ಏಳು ಸದಸ್ಯರ ಆ ಕಮಿಟಿಯಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಗೆ ಸಂಬಂಧಪಡದವರು. ಡಾಕ್ಟರ ಹತ್ತಿರ ಹೇಳಲಾಗದ ದೂರನ್ನು ಅಲ್ಲಿ ಹೇಳಬಹುದು.

ಸೇರಿದ ಮೇಲೆ ಎಡವುವುದು ಎಲ್ಲಿ

ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಎಸೆಯಬೇಡಿ. ಮಾತ್ರೆ ಎಣಿಸುವುದು ಅದರಿಂದಲೇ. ತಪ್ಪಿದ ಡೋಸನ್ನು ಮುಚ್ಚಿಡಲು ಮರುದಿನ ಎರಡು ನುಂಗುವುದು ಅಪಾಯ. ಡೈರಿಯಲ್ಲಿ ‘ತಪ್ಪಿತು’ ಎಂದೇ ಬರೆಯಿರಿ. ಕಷಾಯ, ಆಯುರ್ವೇದದ ಲೇಹ್ಯ, ಮಂಡಿನೋವಿನ ಮಾತ್ರೆ, ಇದೇನು ಔಷಧವೇ ಎಂದು ಅನ್ನಿಸುವುದನ್ನೆಲ್ಲ ಹೇಳಬೇಕು. ಲಿವರ್ ರಿಪೋರ್ಟ್ ಕೆಟ್ಟಾಗ ಕಾರಣ ಸ್ಟಡಿಯ ಔಷಧವೋ ಕಷಾಯವೋ ಎಂದು ಬೇರೆ ಮಾಡಿ ನೋಡಲು ಇಲ್ಲವಾದರೆ ದಾರಿಯೇ ಇರುವುದಿಲ್ಲ.

ಖಾಲಿ ಹೊಟ್ಟೆಯ ರಕ್ತವಿದ್ದ ದಿನ ಎಂಟು ಗಂಟೆಯ ಅಪಾಯಿಂಟ್‌ಮೆಂಟ್ ಎಂದರೆ ಡೊಂಬಿವಲಿಯವರು ಆರಕ್ಕೇ ಹೊರಡಬೇಕು. ಸಕ್ಕರೆ ಕಾಯಿಲೆಯವರಿಗೆ ಇದು ಆಗದ ಮಾತು, ಸಮಯ ಬದಲಿಸಲು ಕೇಳಿ. ಸ್ಟಡಿ ಖಾರ್ಘರ್‌ನಲ್ಲಿದ್ದರೆ ಲೈನೇ ಬೇರೆ, ಮೊದಲೊಮ್ಮೆ ಹೋಗಿ ಬಂದು ನೋಡಿ.

ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ. ಆದರೆ ಮಾತ್ರೆ ನಿಲ್ಲಿಸುವ ಮೊದಲು ಫೋನ್ ಮಾಡಿ. ಕೆಲವು ಔಷಧಗಳನ್ನು ಥಟ್ಟನೆ ಬಿಟ್ಟರೆ ಬಿಟ್ಟದ್ದರಿಂದಲೇ ತೊಂದರೆಯಾಗುತ್ತದೆ.

ನಮ್ಮವರು ಹೆಚ್ಚು ಎಡವುವುದು ಮೇ ತಿಂಗಳಲ್ಲಿ, ಊರಿಗೆ ಹೊರಟಾಗ. ವಿಸಿಟ್ ಹಿಂದೆ-ಮುಂದೆ ಕೆಲವೇ ದಿನ ಜರುಗಿಸಬಹುದು. ಕೋಲಕ್ಕೋ ಜಾತ್ರೆಗೋ ಮದುವೆಗೋ ರೈಲಿನ ಟಿಕೆಟ್ ಮಾಡಿಸುವ ಮೊದಲು ತಾರೀಖನ್ನು ಕೋ-ಆರ್ಡಿನೇಟರ್‌ಗೆ ಹೇಳಿ. ಫ್ರಿಜ್‌ನಲ್ಲಿಡುವ ಇಂಜೆಕ್ಷನ್ ಇದ್ದರೆ ಕೊಂಡೊಯ್ಯುವ ಡಬ್ಬಿಯನ್ನು ಅವರಿಂದಲೇ ಕೇಳಿ ಪಡೆಯಿರಿ. ಐಸ್‌ಗೆ ನೇರ ತಾಗಿಸಿದರೆ ಔಷಧ ಹೆಪ್ಪುಗಟ್ಟಿ ಕೆಡಬಹುದು. ಸ್ಟಡಿಯ ಕಾರ್ಡ್ ಅಮ್ಮನ ಪರ್ಸಿನಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ. ಕುಂದಾಪುರದಲ್ಲೋ ಕಲಬುರಗಿಯಲ್ಲೋ ಆಸ್ಪತ್ರೆಗೆ ಸೇರಿಸಬೇಕಾದರೆ ಅಲ್ಲಿನ ಡಾಕ್ಟರಿಗೆ ಕಾರ್ಡ್ ತೋರಿಸಿ, ಅದರಲ್ಲಿರುವ ನಂಬರಿಗೆ ಅವತ್ತೇ ಫೋನ್ ಮಾಡಿ. ಗಂಭೀರ ತೊಂದರೆಯನ್ನು ಮುಂಬೈಯ ಡಾಕ್ಟರು 24 ತಾಸಿನೊಳಗೆ ಔಷಧ ನಿಯಂತ್ರಕರಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು, ಪರಿಹಾರದ ಪ್ರಶ್ನೆ ತೀರ್ಮಾನವಾಗುವುದು ಆ ಕಡತದ ಮೇಲೆ. ಊರಿನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಬಿಲ್ಲು, ರಿಪೋರ್ಟುಗಳ ಫೋಟೋ ತೆಗೆದು ಅಲ್ಲಿಂದಲೇ ಕಳಿಸಿ. ಮುಂಬೈಗೆ ಮರಳುವಾಗ ಅಸಲು ಪ್ರತಿಗಳನ್ನೂ ತನ್ನಿ.