ಸಿಂಕ್ ಕೆಳಗಿನ ಫಿಲ್ಟರ್, ಮತ್ತೆ ಪೀಫಾಸ್ ಜೊತೆ ನನ್ನ ಗುದ್ದಾಟ

ನ್ಯೂಜೆರ್ಸಿಯಲ್ಲಿ ಮನೆ ಮಾಡಿದಾಗ ನನಗಿದ್ದ ದೊಡ್ಡ ಖುಷಿ ಅಂದರೆ, ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯಬಹುದು ಅನ್ನೋದು. ನೀರು ಕೊಡುವವರಿಂದ ಒಂದು ಕಾಗದ ಬರುವವರೆಗೆ ಆ ಖುಷಿ ಇತ್ತು. ನಮ್ಮ ನೀರಿನಲ್ಲಿ ಪಿಎಫ್‌ಒಎ ಅನ್ನುವ ರಾಸಾಯನಿಕ ರಾಜ್ಯದ ಮಿತಿ ದಾಟಿದೆ ಅಂತ ಅದರಲ್ಲಿ ಬರೆದಿತ್ತು. ಆ ಮಿತಿ ಲೀಟರಿಗೆ 14 ನ್ಯಾನೋಗ್ರಾಂ, 2020ರಲ್ಲಿ ಬಂದದ್ದು. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ. ಇಷ್ಟಕ್ಕೆಲ್ಲ ಹೆದರಬೇಕಾ ಅನ್ನಿಸಿತು. 2024ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇದಕ್ಕೇ 4 ನ್ಯಾನೋಗ್ರಾಂ ಮಿತಿ ಹಾಕಿದಾಗ ಮಾತ್ರ ಸುಮ್ಮನೆ ಕೂರೋಕೆ ಆಗಲಿಲ್ಲ.

ಪೀಫಾಸ್ ಅನ್ನೋದು ಸಾವಿರಾರು ರಾಸಾಯನಿಕಗಳ ದೊಡ್ಡ ಕುಟುಂಬ, ಪಿಎಫ್‌ಒಎ ಅದರಲ್ಲೊಂದು. ಅಂಟದ ಬಾಣಲೆ, ನೀರು ಹಿಡಿಯದ ಜಾಕೆಟ್, ಬೆಂಕಿ ಆರಿಸುವ ನೊರೆ, ಎಲ್ಲದಕ್ಕೂ ಇವೇ ಬೇಕಾಗಿದ್ದವು. ಇದರಲ್ಲಿರುವ ಕಾರ್ಬನ್ ಮತ್ತು ಫ್ಲೋರಿನ್ ಬೆಸುಗೆ ಎಷ್ಟು ಗಟ್ಟಿ ಅಂದರೆ ಮಣ್ಣು, ಬಿಸಿಲು ಯಾವುದಕ್ಕೂ ಜಗ್ಗುವುದಿಲ್ಲ. ಪಿಎಫ್‌ಒಎ ನಮ್ಮ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ವರ್ಷಗಳು ಬೇಕು.

ಆಗ ಅಮ್ಮ ಬಂದಿದ್ದರು. ಅವರ ತವರು ಪಾವಗಡದ ಕಡೆ. ಕುದಿಸಿ ಆರಿಸಿದರೆ ಸಾಕಲ್ವಾ ಅಂತ ನಾನೇ ಪಾತ್ರೆ ಇಟ್ಟೆ. "ಕುದಿಸಿದ್ರೆ ಫ್ಲೋರೈಡ್ ಹೋಗುತ್ತೇನೋ? ನೀರು ಹೋಗಿ ಅದು ಉಳಿಯುತ್ತೆ" ಅಂದರು. ಬೋರ್‌ವೆಲ್ ಫ್ಲೋರೈಡ್‌ನಿಂದ ಹಲ್ಲು ಕಂದಾದವರನ್ನು ನೋಡಿ ಬೆಳೆದವರು. ನಾನು ಗಂಟೆಗಟ್ಟಲೆ ಓದಿ ತಿಳಿದದ್ದೂ ಇದೇ: ಕುದಿಸಿದಷ್ಟೂ ನೀರು ಇಂಗಿ, ಉಳಿದದ್ದರಲ್ಲಿ ಪೀಫಾಸ್ ದಟ್ಟವಾಗುತ್ತದೆ.

ಫ್ರಿಜ್‌ನಲ್ಲಿ ಹೇಗೂ ಫಿಲ್ಟರ್ ಇದೆಯಲ್ಲ ಅಂತ ಮೊದಲು ನೆಮ್ಮದಿ ಪಟ್ಟೆ. ತೆಗೆದು ನೋಡಿದರೆ ಅದರ ಮೇಲೆ ಎನ್‌ಎಸ್‌ಎಫ್ 42 ಅಂತ ಮಾತ್ರ ಇತ್ತು. ಫಿಲ್ಟರ್ ಏನನ್ನು ತೆಗೆಯುತ್ತದೆ ಅಂತ ಹೇಳುವ ಸರ್ಟಿಫಿಕೇಟಿನ ನಂಬರ್ ಅದು. ಅಂದರೆ ಕ್ಲೋರಿನ್ ವಾಸನೆ, ರುಚಿ, ಅಷ್ಟೇ. ನೋಡಬೇಕಾದದ್ದು ಕಾರ್ಬನ್ (ಇದ್ದಿಲಿನ) ಫಿಲ್ಟರ್ ಆದರೆ 53, ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಒ ಆದರೆ 58. ಅದೂ ನಂಬರ್ ಇದ್ದರೆ ಸಾಲದು, ಪಿಎಫ್‌ಒಎ ಹೆಸರು ಪಟ್ಟಿಯಲ್ಲಿರಬೇಕು. ಹೆಸರಿದ್ದರೂ ಇಪಿಎ ಹೇಳಿದ 4ರ ಕೆಳಗೆ ಇಳಿಸುತ್ತದೆ ಅಂತ ಅರ್ಥವಲ್ಲ, ಸರ್ಟಿಫಿಕೇಟಿನ ಲೆಕ್ಕ ಅದಕ್ಕಿಂತ ಸಡಿಲ.

ಕೆಲವು ತಿಂಗಳು ಕಾರ್ಬನ್ ಇರುವ ಜಗ್ ಬಳಸಿದೆ. ಕೆಟ್ಟದ್ದೇನಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಅದೇ ಸರಿ. ಆದರೆ ನಮ್ಮ ಮನೆಯಲ್ಲಿ ಅನ್ನ, ಸಾರು, ಕಾಫಿ, ದೋಸೆ ಹಿಟ್ಟು ಎಲ್ಲಕ್ಕೂ ಒಂದು ಜಗ್ ಎಲ್ಲಿ ಸಾಕು? ಅನ್ನ ಅಂತೂ ಹಾಕಿದ ನೀರನ್ನೆಲ್ಲ ಕುಡಿದುಬಿಡುತ್ತೆ. ಇನ್ನೊಂದು ವಿಷಯ, ಫಿಲ್ಟರಿನ ಕಾರ್ಬನ್‌ಗೆ ಅಣುವಿನ ಸರಪಳಿ ಉದ್ದ ಇರುವ ಪೀಫಾಸ್ ಚೆನ್ನಾಗಿ ಅಂಟುತ್ತವೆ, ಗಿಡ್ಡವು ಬೇಗ ನುಸುಳುತ್ತವೆ. ಕಾರ್ಬನ್ ತುಂಬಿಹೋದ ಮೇಲೂ ಹಾಗೇ ಬಿಟ್ಟರೆ ಹಿಡಿದಿಟ್ಟದ್ದನ್ನೇ ವಾಪಸ್ ಬಿಡಬಹುದು.

ಕೊನೆಗೆ ಸಿಂಕ್ ಕೆಳಗೆ ಆರ್‌ಒ ಹಾಕಿದೆ. ನಾನೇ. ಒಂದು ಶನಿವಾರ ಪೂರ್ತಿ ಹೋಯಿತು, ಕಪಾಟಿನ ತಳ ಒದ್ದೆಯಾಯಿತು. ಸೋರುವ ಜಾಗಕ್ಕೆ ನಾಲ್ಕು ಸುತ್ತು ಬಿಳಿ ಟೇಪ್ ಸುತ್ತಿ ಬೀಗಿದೆ. ಆಮೇಲೆ, ನೀರಿನ ಪರೀಕ್ಷೆಗೆ ಅಂತ ಲ್ಯಾಬ್‌ನಿಂದ ಬಂದ ಬಾಟಲಿಯ ಜೊತೆಗಿದ್ದ ಸೂಚನೆ ಓದಿದೆ: ಸ್ಯಾಂಪಲ್ ಹಿಡಿಯುವ ಜಾಗದಲ್ಲಿ ಟೆಫ್ಲಾನ್ ಟೇಪ್ ಇರಬಾರದು. ನಾನು ಸುತ್ತಿದ್ದೂ ಅದನ್ನೇ, ಟೆಫ್ಲಾನ್ ಕೂಡ ಪೀಫಾಸ್ ಕುಟುಂಬದ್ದು! ಟೇಪ್ ಬಿಚ್ಚಿ, ರಬ್ಬರ್ ವಾಷರ್ ಹಾಕಿ, ಒಂದು ವಾರ ನೀರು ಹರಿಸಿ, ಆಮೇಲೆ ಬಾಟಲಿ ತುಂಬಿದೆ. ಆ ದಿನ ಕೈಗೆ ಕ್ರೀಮ್ ಹಚ್ಚಬೇಡಿ ಅಂತಲೂ ಸೂಚನೆಯಲ್ಲಿತ್ತು.

ಎರಡು ಸ್ಯಾಂಪಲ್ ಕಳಿಸಿದ್ದೆ. ಸಾದಾ ನಲ್ಲಿಯದರಲ್ಲಿ ಪಿಎಫ್‌ಒಎ ಲೀಟರಿಗೆ 19 ನ್ಯಾನೋಗ್ರಾಂ ಬಂತು. ಆರ್‌ಒ ನಲ್ಲಿಯದು ಯಂತ್ರದ ಅಳತೆಗೆ ಸಿಗದಷ್ಟು ಕಡಿಮೆ. ಫಿಲ್ಟರ್ ಬೆಲೆಯ ಜೊತೆ ಹೋಲಿಸಿದರೆ ಪರೀಕ್ಷೆ ಅಗ್ಗವಲ್ಲ, ಆದರೂ ಅದಿಲ್ಲದಿದ್ದರೆ ನಾನು ನಂಬಿಕೆ ಮೇಲೆ ನೀರು ಕುಡೀತಾ ಇರುತ್ತಿದ್ದೆ.

ಸ್ನಾನದ ನೀರಿಗೆ ಏನೂ ಮಾಡಿಲ್ಲ. ಚರ್ಮದಿಂದ ಒಳಗೆ ಹೋಗೋದು ತೀರಾ ಕಡಿಮೆ. ನನಗೆ ಚುಚ್ಚುವುದು ಬೇರೆ: ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಲೀಟರ್ ಮೋರಿಗೆ ಹೋಗುತ್ತೆ, ಅದರ ಜೊತೆ ಪೀಫಾಸ್ ಕೂಡ. ಹಳೇ ಕಾರ್ಟ್ರಿಜ್ ಕಸಕ್ಕೆ. ನನ್ನ ಮನೆಯಿಂದ ಆಚೆ ಹೋಯಿತು, ಅಷ್ಟೇ.

ಈಗ ಕಾರ್ಟ್ರಿಜ್ ಬದಲಿಸುವ ದಿನವನ್ನು ಫ್ರಿಜ್ ಮೇಲಿನ ಕನ್ನಡ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ಅಮ್ಮ ಊರಿಂದ ವಿಡಿಯೋ ಕಾಲ್ ಮಾಡಿದಾಗೆಲ್ಲ ಮೊದಲು ಕೇಳೋದು ಅದನ್ನೇ.