ಮೆಲನೋಮಾಗೆ ಮೊದಲೇ ಇಮ್ಯುನೋಥೆರಪಿ: ಟ್ರಯಲ್‌ಗೆ ಸೇರುವ ಮುಂಚೆ ಏನೇನು ಕೇಳಬೇಕು

ಚರ್ಮದ ಕ್ಯಾನ್ಸರ್ ಮೆಲನೋಮಾ ಒಳಗೆಲ್ಲ ಹರಡಿದೆ, ಮೊದಲ ಚಿಕಿತ್ಸೆಯಾಗಿಯೇ ಇಮ್ಯುನೋಥೆರಪಿ (ಮೈಯ ರಕ್ಷಣಾ ಪಡೆಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ) ಕೊಟ್ಟು ನೋಡುವ ಟ್ರಯಲ್ ಇದೆ, ಸೇರುತ್ತೀರಾ ಅಂತ ಡಾಕ್ಟರ್ ಕೇಳಿದರೆ ಅಲ್ಲೇ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ಒಪ್ಪಿಗೆ ಪತ್ರ ಮನೆಗೆ ತಂದು ಓದಿ. ಕನ್ನಡದಲ್ಲೇ ಬೇಕು ಅಂತ ಕೇಳಿ, ಅದು ನಿಮ್ಮ ಹಕ್ಕು.

ಮೊದಲು ಬ್ರಾಫ್ (BRAF) ಅನ್ನುವ ಜೀನ್‌ನ ಟೆಸ್ಟ್ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. ಗಡ್ಡೆಯಲ್ಲಿ ಆ ಜೀನ್ ಬದಲಾಗಿದ್ದರೆ ಎರಡು ದಾರಿ ಇರುತ್ತವೆ: ಅದಕ್ಕೇ ಗುರಿಯಿಟ್ಟ ಮಾತ್ರೆ, ಇಲ್ಲವೇ ಇಮ್ಯುನೋಥೆರಪಿಯ ಡ್ರಿಪ್. ಮಾತ್ರೆ ಬೇಗ ಕೆಲಸ ಮಾಡುತ್ತದೆ, ಹಾಗಾಗಿ ಅದೇ ಮೊದಲು ಇರಲಿ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ಡ್ರೀಮ್‌ಸೀಕ್ ಟ್ರಯಲ್ ಪರೀಕ್ಷೆ ಮಾಡಿದ್ದು ಇದನ್ನೇ. 265 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲು ನಿವೊಲುಮ್ಯಾಬ್ ಜೊತೆ ಇಪಿಲಿಮುಮ್ಯಾಬ್ (ಎರಡೂ ಇಮ್ಯುನೋಥೆರಪಿ ಔಷಧಿಗಳು), ಇನ್ನೊಂದಕ್ಕೆ ಮೊದಲು ಮಾತ್ರೆ, ರೋಗ ಮತ್ತೆ ಬೆಳೆದರೆ ಅದಲು ಬದಲು. ಎರಡು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 71.8, ಎರಡನೆಯದರಲ್ಲಿ ಶೇ. 51.5. ಆದರೆ ಶುರುವಿನ ಕೆಲವು ತಿಂಗಳು ಮಾತ್ರೆಯ ಗುಂಪೇ ಮುಂದಿತ್ತು. ಅದಕ್ಕೇ ಡಾಕ್ಟರನ್ನು ನೇರವಾಗಿ ಕೇಳಿ: ನಮ್ಮವರ ರೋಗ ಓಡುತ್ತಿರುವ ವೇಗಕ್ಕೆ ಡ್ರಿಪ್ ಕೆಲಸ ಮಾಡುವವರೆಗೆ ಕಾಯಬಹುದಾ?

ಆಮೇಲೆ, ಕೊಡುವುದು ಒಂದೇ ಔಷಧಿಯಾ, ಎರಡಾ? 945 ಜನರ ಚೆಕ್‌ಮೇಟ್ 067 ಟ್ರಯಲ್‌ನಲ್ಲಿ ಹತ್ತು ವರ್ಷದ ಹೊತ್ತಿಗೆ ಬದುಕಿದ್ದವರು ಎರಡೂ ಪಡೆದವರಲ್ಲಿ ಶೇ. 43, ನಿವೊಲುಮ್ಯಾಬ್ ಮಾತ್ರ ಪಡೆದವರಲ್ಲಿ ಶೇ. 37, ಇಪಿಲಿಮುಮ್ಯಾಬ್ ಮಾತ್ರ ಪಡೆದವರಲ್ಲಿ ಶೇ. 19. ಎರಡೂ ಸೇರಿದಾಗ ತೀವ್ರ ಅಡ್ಡಪರಿಣಾಮ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬಂತು. ರೋಗಿಯ ವಯಸ್ಸು, ಶಕ್ತಿ ನೋಡಿ ಇದನ್ನು ತೂಗಬೇಕು.

ಅಡ್ಡಪರಿಣಾಮದ ವಿಷಯದಲ್ಲಿ ಮಾತ್ರ ದಯವಿಟ್ಟು ಸುಮ್ನೆ ಇರಬೇಡಿ. ಈ ಔಷಧಿ ಮೈಯ ರಕ್ಷಣಾ ಪಡೆಯ ಬ್ರೇಕ್ ಬಿಡಿಸುತ್ತದೆ, ಆ ಪಡೆ ಒಮ್ಮೊಮ್ಮೆ ನಮ್ಮದೇ ಕರುಳು, ಲಿವರ್, ಶ್ವಾಸಕೋಶ, ಥೈರಾಯ್ಡ್ ಮೇಲೆ ಬೀಳುತ್ತದೆ. ಒಂದು ನೋಟ್‌ಬುಕ್ ಇಡಿ. ಮೊದಲು ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋಗುತ್ತಿದ್ದರು, ಇವತ್ತು ಎಷ್ಟು ಸಲ, ಬರೆಯಿರಿ. ನಾಲ್ಕು ಸಲ ಜಾಸ್ತಿಯಾದರೆ, ಅಥವಾ ರಕ್ತ ಕಂಡರೆ, ಮಜ್ಜಿಗೆ ಕುಡಿಸಿ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಫೋನ್ ಮಾಡಿ. ಸಮಯಕ್ಕೆ ಸ್ಟಿರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಡ್ರಿಪ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು, ಹಾಗಾಗಿ ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇಮ್ಯುನೋಥೆರಪಿ ಆಗಿದೆ ಅಂತ ಮೊದಲು ಹೇಳಿ.

ನಮ್ಮ ಜನರಲ್ಲಿ ಮೆಲನೋಮಾ ಅನೇಕ ಸಲ ಅಂಗಾಲಿನಲ್ಲಿ, ಉಗುರಿನ ಕೆಳಗೆ ಕಾಣಿಸಿಕೊಳ್ಳುತ್ತದೆ. ದೊಡ್ಡ ಟ್ರಯಲ್‌ಗಳಲ್ಲಿ ಇದ್ದವರು ಹೆಚ್ಚಿನಂಶ ಬಿಳಿಯರು. ಅಂಗಾಲಿನಲ್ಲಿ, ಉಗುರಿನ ಕೆಳಗೆ ಬರುವ ಬಗೆ ಈ ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ. ಮೇಲಿನ ಅಂಕಿಗಳನ್ನು ಹಾಗೇ ನಂಬಿಕೊಳ್ಳುವ ಮುಂಚೆ ನಮ್ಮವರದು ಯಾವ ಬಗೆ ಅಂತ ಬರೆಸಿಕೊಳ್ಳಿ. ಸ್ಕ್ಯಾನ್ ಖರ್ಚು ಯಾರದು, ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಏನು, ನಡುವೆ ಬಿಟ್ಟರೆ ಮುಂದಿನ ಚಿಕಿತ್ಸೆ ಏನು, ಇವನ್ನೂ ಅದೇ ಹಾಳೆಯಲ್ಲಿ ಬರೆಸಿ.