ಮೀನಿನ ತೊಟ್ಟಿಯಲ್ಲಿ ಅಂತರ್ಜಲ, ಸೋಪಿನ ಮೇಲೆ ಹಿಮನದಿ

ಅಂತರ್ಜಲ ಅಂದರೆ ನೆಲದಡಿ ಹರಿಯುವ ಹೊಳೆ ಅಂತ ನನ್ನ ತರಗತಿಯ ಮಕ್ಕಳು ನಂಬಿದ್ದರು. ದೊಡ್ಡವರೂ ಏನು ಕಮ್ಮಿಯಿಲ್ಲ. ಆದರೆ ಅದು ಹೆಚ್ಚಾಗಿ ಮಣ್ಣು, ಮರಳು, ಕಲ್ಲಿನ ಸಂದುಗಳಲ್ಲಿ ತುಂಬಿಕೊಂಡ ನೀರು. ಬೋರ್ಡಿನ ಮೇಲೆ ಚಿತ್ರ ಬರೆದು ಸಾಕಾಗಿ, ಒಂದು ದಿನ ಹಳೆಯ ಮೀನಿನ ತೊಟ್ಟಿ ತೊಳೆದಿಟ್ಟೆ. 60 ಸೆಂಟಿಮೀಟರ್ ಉದ್ದ, 30 ಅಗಲ.

ಮೊದಲ ಸಲ ಕೆಟ್ಟಿತು. ಕೈಗೆ ಸಿಕ್ಕ ಜೇಡಿಮಣ್ಣು ತುಂಬಿದ್ದೆ, ನೀರು ಮೇಲೆಯೇ ನಿಂತುಬಿಟ್ಟಿತು. ತಮಾಷೆ ಅಂದರೆ, ಜೇಡಿಯಲ್ಲಿ ಖಾಲಿ ಜಾಗ ಮರಳಿಗಿಂತ ಜಾಸ್ತಿಯೇ ಇರಬಹುದು. ಆದರೆ ಸಂದುಗಳು ತೀರಾ ಸಣ್ಣವು. ನೀರು ಅಲ್ಲೇ ಅಂಟಿಕೊಳ್ಳುತ್ತದೆ.

ತೊಳೆದ ಮರಳು ತುಂಬಿ ಮೂಲೆಯಲ್ಲಿ ನೀರು ಸುರಿದೆ. ಸ್ವಲ್ಪ ಹೊತ್ತಿಗೆ ಗಾಜಿನ ಹಿಂದೆ ಗೆರೆ ಎಳೆದ ಹಾಗೆ ಕಂಡಿತು. ಕೆಳಗೆ ಒದ್ದೆ, ಮೇಲೆ ಒಣ. ಗಾಜಿಗೆ ಒತ್ತಿಕೊಂಡು ಚಮಚದಲ್ಲಿ ಕುಣಿ ತೋಡಿದೆ. ನೀರು ಒಸರಿ ಬಂತು, ಆದರೆ ಆ ಗೆರೆಗಿಂತ ತುಸು ಕೆಳಗೇ ನಿಂತಿತು. ಮೇಲಿನ ಒದ್ದೆ, ಬತ್ತಿ ಎಣ್ಣೆ ಹೀರುವಂತೆ ಮರಳು ಹೀರಿಕೊಂಡದ್ದು. ನಿಜವಾದ ಮಟ್ಟ ಕುಣಿಯದೇ. ಅದಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿದೆ.

ಹಿಮನದಿ, ಅಂದರೆ ನಿಧಾನವಾಗಿ ಹರಿಯುವ ಐಸಿನ ರಾಶಿ, ಅದನ್ನು ತೋರಿಸಲು ಡಬ್ಬಿಯ ತಳದಲ್ಲಿ ಜಲ್ಲಿ, ಮರಳು ಹರಡಿ, ಒಂದು ಲೀಟರ್ ನೀರು ಹಾಕಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಆ ಗಡ್ಡೆಯನ್ನು ಸೋಪಿನ ಮೇಲೆ ಒತ್ತಿ ಎಳೆದರೆ ಸುಮ್ನೆ ಜಾರಿತು. ಎರಡು ನಿಮಿಷ ಬಿಟ್ಟ ಮೇಲೆ ಐಸ್ ಕರಗಿ ಕಲ್ಲಿನ ಮೂತಿಗಳು ಹೊರಬಂದವು. ಈಗ ಎಳೆದರೆ ಸಾಲು ಸಾಲು ಗೀರು, ಎಲ್ಲ ಒಂದೇ ದಿಕ್ಕಿಗೆ. ಐಸಿಗೆ ಹಲ್ಲು ಅಂದರೆ ಅದು ಕಚ್ಚಿಕೊಂಡ ಈ ಕಲ್ಲುಗಳೇ. ಬಂಡೆಗಳ ಮೇಲಿನ ಇಂಥ ಗೀರುಗಳನ್ನೂ ಸಾಕ್ಷಿಯಾಗಿಟ್ಟುಕೊಂಡು ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1840ರ ಹೊತ್ತಿಗೆ, ಆಲ್ಪ್ಸ್‌ನ ಹಿಮ ಒಂದು ಕಾಲಕ್ಕೆ ಎಷ್ಟೋ ದೂರ ಹಬ್ಬಿತ್ತು ಎಂದು ವಾದಿಸಿದ. (ಅವನಿಗಿಂತ ಮೊದಲೂ ಹೇಳಿದವರಿದ್ದರು, ಹೆಸರು ಬಂದದ್ದು ಅವನಿಗೆ.) ಒಂದು ಮಾತು: ಇಷ್ಟು ಸಣ್ಣ ಐಸ್ ತಾನಾಗಿ ಹರಿಯುವುದಿಲ್ಲ. ತನ್ನ ಭಾರಕ್ಕೇ ಹರಿಯಲು ಹತ್ತಾರು ಮೀಟರ್ ದಪ್ಪ ಬೇಕು. ಇಲ್ಲಿ ಆ ಕೆಲಸ ಮಾಡಿದ್ದು ನನ್ನ ಕೈ.

ಆಮೇಲೆ ಗಡ್ಡೆಯನ್ನು ತೊಟ್ಟಿಯ ಮರಳಿನ ಇಳಿಜಾರಿನಲ್ಲಿಟ್ಟು ಕರಗಲು ಬಿಟ್ಟೆ. ಐಸ್ ಇದ್ದಲ್ಲಿ ಜಲ್ಲಿ, ಮರಳು ಎಲ್ಲ ಕಲಸಿದ ಗುಡ್ಡೆ ಉಳಿಯಿತು. ಕರಗಿದ ನೀರು ಹರಿದಲ್ಲಿ ಮಾತ್ರ ನುಣ್ಣನೆಯ ಮರಳು. ಆರಿಸುವ ಬುದ್ಧಿ ನೀರಿಗಿದೆ, ಐಸಿಗಿಲ್ಲ!

ಕುಣಿಯ ನೀರು ಗುರುತಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಏರಿತ್ತು. ಖಾಲಿ ತೊಟ್ಟಿಯಲ್ಲಾದರೆ ಒಂದು ಲೀಟರಿಗೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಬರುತ್ತಿತ್ತು, ಅಷ್ಟೇ. "ಮಿಕ್ಕ ನೀರು ಎಲ್ಲಿಂದ ಬಂತು ಸಾರ್?" ಎಂದು ಒಬ್ಬಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವನು ಹೇಳಿದ: "ಮಿಕ್ಕಿದ್ದು ನೀರಲ್ಲ ಕಣೇ, ಮರಳು."